ಓದು ಮುಗಿಸಿ ಮನೆಯಲ್ಲೇ ಕೂತ ಮಗ: ಇನ್ನೂ ಎಷ್ಟು ದಿನ ನೋಡಿಕೊಳ್ಳಬೇಕು?

ಪ್ರಶ್ನೆ: ನನ್ನ ಮಗನಿಗೆ 23 ವರ್ಷ. ಡಿಗ್ರಿ ಮುಗಿದು ಒಂದು ವರ್ಷ ದಾಟಿತು. ಮೊದಮೊದಲು ಅರ್ಜಿ ಹಾಕುತ್ತಿದ್ದ, ನಾಲ್ಕೈದು ಇಂಟರ್‌ವ್ಯೂಗೂ ಹೋಗಿ ಬಂದ. ಒಂದೂ ಆಗಲಿಲ್ಲ. ಈಗ ಆರು ತಿಂಗಳಿಂದ ಅದನ್ನೂ ಬಿಟ್ಟಂತಿದೆ. ಕೇಳಿದರೆ ‘ಹಾಕ್ತಾ ಇದೀನಿ’ ಅನ್ನುತ್ತಾನೆ, ಜಾಸ್ತಿ ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಾನೆ. ರಾತ್ರಿ ಎರಡು ಮೂರರವರೆಗೆ ಫೋನು, ಏಳುವುದು ಮಧ್ಯಾಹ್ನ. ನಮ್ಮ ಯಜಮಾನರು ದಿನಾ ಊಟದ ಹೊತ್ತಿಗೆ ಬೈಯುತ್ತಾರೆ. ಆಮೇಲೆ ಪಾಪ ಅನ್ನಿಸಿ, ಅವರಿಗೆ ಗೊತ್ತಾಗದ ಹಾಗೆ ನಾನು ಅವನ ಕೈಗೆ ಒಂದಿಷ್ಟು ದುಡ್ಡು ಕೊಡುತ್ತೇನೆ. ‘ಮನೆಯಿಂದ ಹೊರಗೆ ಹಾಕು, ತಾನಾಗಿ ಬುದ್ಧಿ ಬರುತ್ತೆ’ ಅಂತ ನನ್ನ ತಮ್ಮ ಹೇಳುತ್ತಾನೆ. ಇನ್ನೂ ಎಷ್ಟು ದಿನ ಹೀಗೆ ನೋಡಿಕೊಳ್ಳಬೇಕು? ನಾವೇ ಅವನನ್ನು ಹಾಳು ಮಾಡುತ್ತಿದ್ದೇವಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಹಾಳು ಮಾಡುತ್ತಿಲ್ಲ. ಆದರೆ ನಿಮ್ಮ ಮನೆಯಲ್ಲಿ ದಿನಾ ನಡೆಯುವುದನ್ನು ಸ್ವಲ್ಪ ದೂರ ನಿಂತು ನೋಡಿ. ಊಟಕ್ಕೆ ಕೂತಾಗ ಅಪ್ಪ ಬೈಯುತ್ತಾರೆ. ಮಗ ಅರ್ಧಕ್ಕೆ ಎದ್ದು ಹೋಗುತ್ತಾನೆ. ನೀವು ಆಮೇಲೆ ಅವನ ಕೋಣೆಗೆ ಹೋಗಿ ಸಮಾಧಾನ ಮಾಡಿ ಕೈಗೆ ದುಡ್ಡಿಟ್ಟು ಬರುತ್ತೀರಿ. ಬೈಸಿಕೊಂಡಿದ್ದಕ್ಕೆ ಪರಿಹಾರ ಸಿಕ್ಕಿತು, ಲೆಕ್ಕ ಚುಕ್ತಾ. ಕೆಲಸದ ಮಾತು ಅಲ್ಲಿಗೇ ನಿಂತಿತು. ಮೂವರಲ್ಲಿ ಯಾರಿಗೂ ಇದು ಇಷ್ಟವಿಲ್ಲ, ಆದರೂ ಮರುದಿನ ಮತ್ತೆ ಅದೇ ನಡೆಯುತ್ತದೆ.

ಹಾಗಾಗಿ ನನ್ನ ಸಲಹೆ ಚಿಕ್ಕದು, ಮಾಡುವುದು ಮಾತ್ರ ಕಷ್ಟ. ಬೈಗುಳವನ್ನೂ ಕಡಿಮೆ ಮಾಡಿ, ಅವನಿಗೆ ಮಾಡಿಕೊಡುವ ಸೇವೆಯನ್ನೂ ಕಡಿಮೆ ಮಾಡಿ. ಎರಡೂ ಒಟ್ಟಿಗೆ ಆಗಬೇಕು. ಬೈಗುಳ ಮಾತ್ರ ನಿಲ್ಲಿಸಿದರೆ ಮನೆ ಶಾಂತವಾಗುತ್ತದೆ, ಮಗ ಇದ್ದಲ್ಲೇ ಇರುತ್ತಾನೆ. ಸೇವೆ ಮಾತ್ರ ನಿಲ್ಲಿಸಿದರೆ ಅವನಿಗೆ ಅದು ಸೇಡಿನ ಹಾಗೆ ಕಾಣುತ್ತದೆ.

ಅದಕ್ಕೂ ಮೊದಲು ಒಂದು ವಿಷಯ ನೋಡಿಕೊಳ್ಳಿ. ಇದು ಸೋಲಿನ ಬೇಸರವೋ, ಕಾಯಿಲೆಯೋ? ಎರಡು ವಾರಕ್ಕಿಂತ ಜಾಸ್ತಿ ಕಾಲ, ದಿನದ ಹೆಚ್ಚು ಹೊತ್ತು ಮಂಕಾಗಿಯೇ ಇದ್ದಾನಾ? ಮೊದಲು ಇಷ್ಟಪಡುತ್ತಿದ್ದ ಆಟ, ಹಾಡು, ಗೆಳೆಯರು ಯಾವುದೂ ಬೇಡವಾಗಿದೆಯಾ? ಊಟ ತೀರಾ ಕಡಿಮೆಯಾಗಿದೆಯಾ ಅಥವಾ ಜಾಸ್ತಿಯಾಗಿದೆಯಾ? ಸ್ನಾನ ಮಾಡುವುದಕ್ಕೂ ಬೇಜಾರಾ? ‘ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಅನ್ನುವಂಥ ಮಾತು ಬರುತ್ತದಾ? ಇವುಗಳಲ್ಲಿ ಹಲವು ಹೌದಾದರೆ ಅದು ಖಿನ್ನತೆ ಇರಬಹುದು. ವೈದ್ಯರ ಹತ್ತಿರ ಹೋಗಬೇಕು, ಉಪದೇಶದಿಂದ ಅದು ಹೋಗುವುದಿಲ್ಲ. ರಾತ್ರಿಯೆಲ್ಲ ಫೋನು ನೋಡುತ್ತಾನೆ ಅಂದ ಮಾತ್ರಕ್ಕೆ ಮಜವಾಗಿದ್ದಾನೆ ಅಂದುಕೊಳ್ಳಬೇಡಿ. ಎಷ್ಟೋ ಹುಡುಗರಿಗೆ ರಾತ್ರಿಯಲ್ಲೇ ನೆಮ್ಮದಿ, ಯಾಕೆಂದರೆ ಆಗ ಯಾರೂ ಏನೂ ಕೇಳುವುದಿಲ್ಲ.

ಸಾಯುವ ಮಾತು ತಮಾಷೆಗೆ ಬಂದರೂ ನೇರವಾಗಿ ಕೇಳಿ: ‘ಸಾಯಬೇಕು ಅನ್ನೋ ಯೋಚನೆ ಬರ್ತಿದೆಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಅಂತ ತಂದೆತಾಯಿ ಹೆದರುತ್ತಾರೆ. ಕೇಳುವುದರಿಂದ ಹಾಗಾಗುವುದಿಲ್ಲ ಅಂತ ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಹೌದು ಅಂದರೆ ಅವತ್ತೇ ವೈದ್ಯರನ್ನು ಕಾಣಿಸಿ, ಒಬ್ಬನನ್ನೇ ಬಿಡಬೇಡಿ. ಕೆಳಗೆ ಬರೆದಿರುವುದೆಲ್ಲ ಆಮೇಲಿನ ಮಾತು.

ಇನ್ನೊಂದು ಲಕ್ಷಣ ಹೇಳಿಬಿಡುತ್ತೇನೆ. ಜಪಾನಿನಲ್ಲಿ ‘ಹಿಕಿಕೊಮೊರಿ’ ಅಂತ ಒಂದು ಸ್ಥಿತಿಯನ್ನು ಗುರುತಿಸಿದ್ದಾರೆ. ಆರು ತಿಂಗಳಿಗಿಂತ ಜಾಸ್ತಿ ಕಾಲ ಮನೆಯೊಳಗೇ ಉಳಿದು, ಹೊರಗಿನವರ ಸಂಪರ್ಕವನ್ನೇ ಕಡಿದುಕೊಳ್ಳುವುದು. ನಿಮ್ಮ ಮಗ ವಾರಕ್ಕೊಮ್ಮೆಯಾದರೂ ಯಾರನ್ನಾದರೂ ನೋಡಲು ಮನೆಯಿಂದ ಹೊರಗೆ ಹೋಗುತ್ತಾನಾ? ನಿಮ್ಮ ಪತ್ರದಲ್ಲಿ ಇದು ಇಲ್ಲ. ಹೋಗುತ್ತಿಲ್ಲ ಅಂದರೆ ಕೆಲಸ ಹುಡುಕುವುದಕ್ಕಿಂತ ಮೊದಲು ಅವನು ಹೊರಗೆ ಕಾಲಿಡುವಂತಾಗಬೇಕು. ಅದಕ್ಕೂ ಪರಿಣತರ ನೆರವು ಬೇಕಾಗುತ್ತದೆ.

‘ಇಡೀ ದಿನ ಖಾಲಿ ಇದ್ದಾನಲ್ಲ, ಏನಾದರೂ ಕಲಿಯಬಾರದಾ?’ ಈ ಮಾತು ನಿಮ್ಮ ಮನೆಯಲ್ಲೂ ಬಂದಿರುತ್ತದೆ ಅಲ್ವಾ. ಇದಕ್ಕೆ ಒಂದು ಹಳೆಯ ಊರಿನ ಕಥೆ ಇದೆ. ಆಸ್ಟ್ರಿಯಾದ ಮರಿಯೆಂಟಾಲ್‌ನಲ್ಲಿ 1930ರ ಹೊತ್ತಿಗೆ ಬಟ್ಟೆ ಕಾರ್ಖಾನೆ ಮುಚ್ಚಿತು. ಹೆಚ್ಚುಕಡಿಮೆ ಇಡೀ ಊರೇ ಕೆಲಸ ಕಳೆದುಕೊಂಡಿತು. ಸಮಾಜ ಮನಃಶಾಸ್ತ್ರಜ್ಞೆ ಮರಿ ಯಹೋಡಾ ಮತ್ತು ಅವರ ಜೊತೆಗಾರರು ಅಲ್ಲಿಗೆ ಹೋಗಿ ಜನ ಹೇಗೆ ಬದುಕುತ್ತಿದ್ದಾರೆ ಅಂತ ಹತ್ತಿರದಿಂದ ನೋಡಿ 1933ರಲ್ಲಿ ವರದಿ ಪ್ರಕಟಿಸಿದರು. ಜನರ ಕೈಯಲ್ಲಿ ಬೇಕಾದಷ್ಟು ಹೊತ್ತು ಇತ್ತು, ಆದರೂ ಊರಿನ ಲೈಬ್ರರಿಯಿಂದ ಪುಸ್ತಕ ಒಯ್ಯುವುದು ಸುಮಾರು ಅರ್ಧಕ್ಕೆ ಇಳಿದಿತ್ತು. ಗಂಡಸರು ರಸ್ತೆಯಲ್ಲಿ ನಿಧಾನವಾಗಿ ನಡೆಯುತ್ತಿದ್ದರು, ಮಧ್ಯೆ ಮಧ್ಯೆ ಸುಮ್ನೆ ನಿಂತುಬಿಡುತ್ತಿದ್ದರು. ಹೆಂಗಸರು ಅಷ್ಟು ನಿಲ್ಲುತ್ತಿರಲಿಲ್ಲ. ಅವರಿಗೆ ಮನೆಯಲ್ಲಿ ಮಾಡಲೇಬೇಕಾದ ಕೆಲಸ ಇತ್ತು.

ಸಂಬಳದ ಜೊತೆಗೆ ಉದ್ಯೋಗ ಇನ್ನೂ ಏನೇನು ಕೊಡುತ್ತದೆ ಅಂತ ಯಹೋಡಾ ಮುಂದೆ ಬಿಡಿಸಿ ಹೇಳಿದರು. ದಿನಕ್ಕೊಂದು ವೇಳಾಪಟ್ಟಿ, ಮನೆಯವರನ್ನು ಬಿಟ್ಟು ಬೇರೆ ಜನರ ಒಡನಾಟ, ಹಲವರ ಜೊತೆ ಸೇರಿ ಮಾಡುವ ಗುರಿ, ನಾಲ್ಕು ಜನರೆದುರು ಒಂದು ಸ್ಥಾನ, ತಪ್ಪದೆ ಮಾಡಬೇಕಾದ ಚಟುವಟಿಕೆ. ಕಾಲೇಜಿನಲ್ಲಿ ಇದ್ದಾಗ ನಿಮ್ಮ ಮಗನಿಗೆ ಈ ಐದೂ ಇದ್ದವು. ಕೊನೆಯ ಪರೀಕ್ಷೆ ಬರೆದ ದಿನ ಐದೂ ಒಟ್ಟಿಗೆ ಹೋದವು. ಸೋಮಾರಿ ಅನ್ನುವ ಮೊದಲು ಇದನ್ನು ನೆನಪಿಡಿ.

ಆ ಹೆಂಗಸರ ವಿಷಯ ನಿಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಮಗನಿಗೆ ಮನೆಯಲ್ಲಿ ಒಂದು ಪೂರ್ತಿ ಜವಾಬ್ದಾರಿ ಕೊಡಿ. ‘ಸ್ವಲ್ಪ ಕೈ ಹಾಕು’ ಅನ್ನುವ ಥರದ್ದು ಬೇಡ. ವಾರಕ್ಕೆ ಎರಡು ರಾತ್ರಿ ಅಡುಗೆ ಅಂದರೆ ಏನು ಮಾಡಬೇಕು ಅಂತ ಯೋಚಿಸುವುದು, ಸಾಮಾನು ತರುವುದು, ಮಾಡುವುದು, ಪಾತ್ರೆ ತೊಳೆಯುವುದು, ಎಲ್ಲವೂ ಅವನದೇ. ಅಥವಾ ಮನೆಯ ಬಿಲ್ಲುಗಳು, ಕಾಗದಪತ್ರ, ರಿಪೇರಿ ಅವನ ಪಾಲಿಗೆ ಇರಲಿ. ಅವನು ಮರೆತರೆ ನೀವು ಎದ್ದು ಮಾಡಬಾರದು. ಆ ರಾತ್ರಿ ಎಲ್ಲರೂ ಇದ್ದುದರಲ್ಲೇ ಹೊಂದಿಸಿಕೊಂಡು ತಿನ್ನಿ, ಅದರ ಬಗ್ಗೆ ಭಾಷಣ ಬೇಡ. ಇದು ತಾಯಂದಿರಿಗೆ ಎಲ್ಲಕ್ಕಿಂತ ಕಷ್ಟ ಅಂತ ನನಗೆ ಗೊತ್ತು.

ಈಗ ಸೇವೆಯ ವಿಷಯ. ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ಅನ್ನುವ ಮನಃಶಾಸ್ತ್ರಜ್ಞರು ಇಂಥ ಮನೆಗಳ ಜೊತೆ ಕೆಲಸ ಮಾಡಿದ್ದಾರೆ. ಅವರ ವಿಧಾನದಲ್ಲಿ ಚಿಕಿತ್ಸೆಗೆ ಬರುವವರು ತಂದೆತಾಯಿ ಮಾತ್ರ. ಮಗ ಬರಲೇಬೇಕು ಅಂತಿಲ್ಲ. ತಂದೆತಾಯಿ ತಮ್ಮ ನಡೆಯನ್ನು ಬದಲಿಸಿಕೊಳ್ಳುತ್ತಾರೆ. ಮಗನನ್ನು ಬದಲಿಸುವುದು ನಿಮ್ಮ ಕೈಯಲ್ಲಿಲ್ಲ, ನೀವು ಏನು ಮಾಡುತ್ತೀರಿ ಅನ್ನುವುದು ಪೂರ್ತಿ ನಿಮ್ಮ ಕೈಯಲ್ಲಿದೆ. ನನ್ನ ಹತ್ತಿರ ಬರುವ ತಂದೆತಾಯಿಗೆ ಈ ಒಂದು ಮಾತು ಅರ್ಥವಾದರೆ ಅರ್ಧ ಭಾರ ಇಳಿಯುತ್ತದೆ.

ಒಂದು ಹಾಳೆ ತೆಗೆದುಕೊಂಡು, ಬೆಳಗಿನಿಂದ ರಾತ್ರಿಯವರೆಗೆ ಅವನಿಗಾಗಿ ನೀವು ಮಾಡುವುದನ್ನೆಲ್ಲ ಬರೆಯಿರಿ. ಎಬ್ಬಿಸುವುದು. ಕೋಣೆಗೇ ತಟ್ಟೆ ಒಯ್ಯುವುದು. ಬಟ್ಟೆ ಒಗೆದು ಮಡಿಸಿ ಇಡುವುದು. ಫೋನ್ ರೀಚಾರ್ಜ್. ಅಪ್ಪನಿಗೆ ‘ಇವತ್ತು ಎಲ್ಲೋ ಅರ್ಜಿ ಹಾಕಿದಾನಂತೆ’ ಅಂತ ಹೇಳುವುದು. ನೆಂಟರಿಗೆ ‘ಇನ್ನೂ ಓದ್ತಿದಾನೆ’ ಅಂತ ಸುಳ್ಳು ಹೇಳುವುದು. ಕೊನೆಯ ಎರಡನ್ನು ಯಾರೂ ಸೇವೆ ಅಂತ ಬರೆಯುವುದಿಲ್ಲ, ಆದರೆ ಅವೂ ಸೇವೆಯೇ. ಊಟ, ಸೂರು, ಔಷಧಿ ಇವನ್ನು ಪಕ್ಕಕ್ಕಿಡಿ. ಇವು ಯಾವ ಷರತ್ತಿಗೂ ಒಳಪಡಬಾರದು. ಉಳಿದುದರಲ್ಲಿ 23 ವರ್ಷದವನು ತಾನೇ ಮಾಡಿಕೊಳ್ಳಬಹುದಾದ ಎರಡು ಮೂರನ್ನು ಮಾತ್ರ ಮೊದಲು ಬಿಡಿ. ಎಲ್ಲವನ್ನೂ ಒಂದೇ ದಿನ ಬಿಡಲು ಹೋದವರು ಸಾಮಾನ್ಯವಾಗಿ ವಾರದೊಳಗೆ ಎಲ್ಲವನ್ನೂ ಮತ್ತೆ ಶುರು ಮಾಡುತ್ತಾರೆ.

ಮಗನ ಹತ್ತಿರ ಮಾತಾಡುವ ಮೊದಲು ಯಜಮಾನರ ಹತ್ತಿರ ಮಾತಾಡಿ. ಗುಟ್ಟಾಗಿ ದುಡ್ಡು ಕೊಡುತ್ತಿರುವುದನ್ನೂ ಹೇಳಿಬಿಡಿ. ಅವರು ಸಿಟ್ಟಾಗುತ್ತಾರೆ, ಆಗಲಿ. ಆ ಗುಟ್ಟು ಇರುವವರೆಗೆ ನೀವಿಬ್ಬರೂ ಹಾಕುವ ಯಾವ ನಿಯಮವೂ ನಿಲ್ಲುವುದಿಲ್ಲ. ಹಿಂಬಾಗಿಲು ಒಂದಿದೆ ಅಂತ ಮಗನಿಗೆ ಗೊತ್ತಿರುತ್ತದೆ.

ಅವರು ‘ನಮ್ಮ ಕಾಲದಲ್ಲಿ ಓದು ಮುಗಿದ ಕೂಡಲೇ ಕೆಲಸಕ್ಕೆ ಹೋದೆ’ ಅನ್ನಬಹುದು. ಯಾವ ವರ್ಷ ಓದು ಮುಗಿಯಿತು ಅನ್ನುವುದೂ ಮುಖ್ಯ ಅಂತ ಅವರಿಗೆ ಹೇಳಿ. ಲೀಸಾ ಕಾನ್ ಅನ್ನುವ ಅರ್ಥಶಾಸ್ತ್ರಜ್ಞೆ 1979ರಿಂದ 1989ರ ನಡುವೆ ಅಮೆರಿಕದಲ್ಲಿ ಕಾಲೇಜು ಮುಗಿಸಿದವರನ್ನು ಹೋಲಿಸಿ ನೋಡಿದರು. ಆರ್ಥಿಕ ಹಿಂಜರಿತದ ಹೊತ್ತಲ್ಲಿ ಓದು ಮುಗಿಸಿದವರ ಸಂಬಳ ಉಳಿದವರಿಗಿಂತ ಕಡಿಮೆ ಇತ್ತು, ಆ ಅಂತರ ಹತ್ತು ವರ್ಷ ದಾಟಿದರೂ ಪೂರ್ತಿ ಹೋಗಿರಲಿಲ್ಲ. ಓದೂ ಅಷ್ಟೇ, ಶ್ರಮವೂ ಅಷ್ಟೇ, ಹೊರಗೆ ಬಂದ ಗಳಿಗೆ ಬೇರೆ. ನಿಮ್ಮ ಮಗನಿಗೆ ಕೆಲಸ ಸಿಗದಿರುವುದರಲ್ಲಿ ಅವನ ಪಾಲೂ ಇರಬಹುದು, ಆದರೆ ಎಲ್ಲವೂ ಅವನ ಗುಣದ ದೋಷ ಅಲ್ಲ.

ಇಬ್ಬರೂ ಒಪ್ಪಿದ ಮೇಲೆ ಮಗನನ್ನು ಕೂರಿಸಿಕೊಳ್ಳಿ. ಊಟದ ಹೊತ್ತು ಬೇಡ, ಜಗಳ ಆದ ದಿನವೂ ಬೇಡ. ಹತ್ತು ನಿಮಿಷ ಸಾಕು. ಹೀಗೆ ಹೇಳಬಹುದು:

‘ಕೆಲಸ ಸಿಗದೆ ನಿನಗೆ ಎಷ್ಟು ಕಷ್ಟ ಆಗಿದೆ ಅಂತ ನಮಗೆ ಗೊತ್ತು. ನೀನು ಇದರಿಂದ ಆಚೆ ಬರ್ತೀಯ ಅನ್ನೋ ನಂಬಿಕೆನೂ ಇದೆ. ಇಷ್ಟು ದಿನ ಬೈದೂ ಬೈದೂ ಯಾರಿಗೂ ನೆಮ್ಮದಿ ಇಲ್ಲದ ಹಾಗಾಯ್ತು. ಇನ್ನು ಊಟಕ್ಕೆ ಕೂತಾಗ ಕೆಲಸದ ಮಾತು ಎತ್ತಲ್ಲ. ಭಾನುವಾರ ಸಂಜೆ ಅರ್ಧ ಗಂಟೆ ಮಾತ್ರ ಅದರ ಬಗ್ಗೆ ಮಾತಾಡೋಣ. ಕೈಖರ್ಚಿಗೆ ತಿಂಗಳಿಗೆ ಒಂದೇ ಸಲ, ಇಷ್ಟು ಅಂತ, ಇಬ್ಬರೂ ಸೇರಿ ಕೊಡ್ತೀವಿ. ಮಧ್ಯೆ ಖಾಲಿ ಆದರೆ ಮತ್ತೆ ಕೊಡಲ್ಲ. ನಿನ್ನ ಬಟ್ಟೆ ನೀನೇ ಒಗ್ಕೋಬೇಕು. ವಾರಕ್ಕೆ ಎರಡು ರಾತ್ರಿ ಅಡುಗೆ ನಿಂದು.’

ಅವನು ಏನೂ ಮಾತಾಡದೆ ಎದ್ದು ಹೋಗಬಹುದು. ‘ನಾನೇನು ಈ ಮನೆಯಲ್ಲಿ ಬಾಡಿಗೆಗಿದೀನಾ?’ ಅನ್ನಬಹುದು. ‘ಇಲ್ಲ ಕಣೋ, ಮನೆಯವನು ಅಂತಲೇ ಕೇಳ್ತಿರೋದು’ ಅಂದು ಬಿಟ್ಟುಬಿಡಿ. ಅವತ್ತೇ ಒಪ್ಪಿಸಲು ಹೋಗಬೇಡಿ. ನೀವು ಹೇಳಿರುವುದು ನೀವು ಏನು ಮಾಡುತ್ತೀರಿ, ಏನು ಮಾಡುವುದಿಲ್ಲ ಅಂತ. ಅದಕ್ಕೆ ಅವನ ಸಹಿ ಬೇಕಿಲ್ಲ. ಮೊದಲ ಕೆಲವು ವಾರ ಸಿಟ್ಟು, ಮೌನ ಜಾಸ್ತಿಯಾಗುವುದು ಸಹಜ. ಒಗೆಯದ ಬಟ್ಟೆಯ ರಾಶಿ ಬೆಳೆಯುತ್ತದೆ. ಬೆಳೆಯಲಿ, ಆ ಕೋಣೆಯ ಬಾಗಿಲು ಮುಚ್ಚಿಡಿ. ಮೂರನೇ ದಿನವೇ ಕರಗಿ ಒಗೆದುಕೊಟ್ಟರೆ, ಮೂರು ದಿನ ತಡೆದರೆ ಸಾಕು ಅಂತ ಅವನು ಕಲಿಯುತ್ತಾನೆ, ಅಷ್ಟೆ.

ನಿದ್ದೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಗ ಮಲಗು ಅಂತ ಯಾರನ್ನೂ ಮಲಗಿಸಲು ಆಗುವುದಿಲ್ಲ. ಏಳುವ ಹೊತ್ತನ್ನು ಹಿಡಿಯಬೇಕು. ದಿನಾ ಒಂದೇ ಹೊತ್ತಿಗೆ ಎದ್ದು ಬೆಳಗಿನ ಬೆಳಕಿಗೆ ಹೊರಗೆ ಬಂದರೆ, ದಿನ ಕಳೆದಂತೆ ರಾತ್ರಿ ಬೇಗ ನಿದ್ದೆ ಬರಲು ಶುರುವಾಗುತ್ತದೆ. ಬೆಳಿಗ್ಗೆ ಮಾಡಲೇಬೇಕಾದ ಒಂದು ಕೆಲಸ ಅವನ ಪಾಲಿಗಿದ್ದರೆ ಇದು ಸುಲಭ.

ಭಾನುವಾರದ ಅರ್ಧ ಗಂಟೆಯಲ್ಲಿ ‘ಏನಾದ್ರೂ ಆಯ್ತಾ?’ ಅಂತ ಕೇಳಬೇಡಿ. ಕೆಲಸ ಸಿಗುವುದು ಅವನ ಕೈಯಲ್ಲಿಲ್ಲ. ಎಷ್ಟು ಕಡೆ ಅರ್ಜಿ ಹಾಕಿದ, ಎಷ್ಟು ಜನರ ಹತ್ತಿರ ಮಾತಾಡಿದ ಅನ್ನುವುದು ಅವನ ಕೈಯಲ್ಲಿದೆ. ಅದನ್ನು ಕೇಳಿ. ‘ಮುಂದಿನ ವಾರ ನಮ್ಮಿಂದ ಏನಾದರೂ ಬೇಕಾ?’ ಅಂತಲೂ ಕೇಳಿ. ಅರ್ಧ ಗಂಟೆ ಆದ ಮೇಲೆ ಎದ್ದುಬಿಡಿ. ಬುಧವಾರ ನಾಲಿಗೆ ತುದಿಗೆ ಬಂದ ಪ್ರಶ್ನೆಯನ್ನು ಭಾನುವಾರಕ್ಕೆ ಎತ್ತಿಡಿ. ನಿಮಗಿಂತ ನಿಮ್ಮ ಯಜಮಾನರಿಗೆ ಇದು ಜಾಸ್ತಿ ಕಷ್ಟ ಆಗಬಹುದು.

ನಿಮ್ಮ ಪತ್ರದಲ್ಲಿ ನನಗೆ ತುಂಬಾ ಸಮಾಧಾನ ಕೊಟ್ಟ ಸಾಲು ಒಂದಿದೆ. ನಾಲ್ಕೈದು ಇಂಟರ್‌ವ್ಯೂಗೆ ಹೋಗಿ ಬಂದ ಅಂತ ಬರೆದಿದ್ದೀರಿ. ನೀವು ಅದನ್ನು ಸೋಲಿನ ಲೆಕ್ಕಕ್ಕೆ ಹಾಕಿದ್ದೀರಿ. ನಾನು ಬೇರೆ ಥರ ಓದುತ್ತೇನೆ. ಅರ್ಜಿ ನೋಡಿ ಕರೆದಿದ್ದಾರೆ ಅಂದರೆ ಅರ್ಜಿ ಚೆನ್ನಾಗಿದೆ, ಓದು ಸಾಕು, ಹುಡುಕಿದ ಕೆಲಸವೂ ಸರಿಯಾದದ್ದೇ. ಎಡವಿದ್ದು ಇಂಟರ್‌ವ್ಯೂ ಕೋಣೆಯಲ್ಲಿ. ಅದು ಅಭ್ಯಾಸದಿಂದ ಸರಿಹೋಗುವ ವಿಷಯ. ಐವತ್ತು ಅರ್ಜಿ ಹಾಕಿ ಒಂದು ಕರೆಯೂ ಬರದಿದ್ದರೆ ಅರ್ಜಿಯನ್ನೋ ಹುಡುಕುವ ಕೆಲಸವನ್ನೋ ಬದಲಿಸಬೇಕಿತ್ತು. ಇವನ ವಿಷಯದಲ್ಲಿ ಬೇಕಿರುವುದು ಎದುರು ಕೂತು ಪ್ರಶ್ನೆ ಕೇಳುವ, ಆ ಕ್ಷೇತ್ರ ಗೊತ್ತಿರುವ ಒಬ್ಬರು. ಅಪ್ಪ ಬೇಡ, ದಯವಿಟ್ಟು. ಹೊರಗಿನವರಾಗಲಿ.

ಸೋಲಿಗೆ ಮೊದಲೇ ತಯಾರಿ ಮಾಡಿಕೊಳ್ಳುವುದನ್ನೂ ಕಲಿಸಬಹುದು. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 1980ರ ದಶಕದಲ್ಲಿ ಕೆಲಸ ಕಳೆದುಕೊಂಡವರಿಗಾಗಿ ಒಂದು ತರಬೇತಿ ರೂಪಿಸಿದರು. ಕೆಲಸ ಹುಡುಕುವ ಕಲೆಯ ಜೊತೆಗೆ, ‘ಇಲ್ಲ’ ಅನ್ನುವ ಉತ್ತರ ಬಂದಾಗ ಮುಂದೇನು ಮಾಡುತ್ತೀರಿ ಅಂತ ಮೊದಲೇ ಕೂತು ಯೋಚಿಸಿಡುವುದು ಅದರ ಒಂದು ಭಾಗ. ತರಬೇತಿ ಪಡೆದವರಿಗೆ ಒಳ್ಳೆಯ ಕೆಲಸ ಸಿಕ್ಕಿದ್ದು ಜಾಸ್ತಿ, ಇನ್ನೂ ಸಿಗದವರೂ ಹುಡುಕುವುದನ್ನು ಬಿಡಲಿಲ್ಲ. ನಿಮ್ಮ ಮಗನ ವಿಷಯದಲ್ಲಿ ಪ್ರಶ್ನೆ ಸರಳ: ‘ಇದೂ ಆಗಲಿಲ್ಲ ಅಂದ್ರೆ ಮರುದಿನ ಬೆಳಿಗ್ಗೆ ಏನು ಮಾಡ್ತೀಯ?’ ಉತ್ತರ ಇಂಟರ್‌ವ್ಯೂಗೆ ಹೋಗುವ ಮೊದಲೇ ಸಿದ್ಧವಾಗಿರಲಿ.

ಪರಿಚಯದವರ ಬಗ್ಗೆ ಒಂದು ಮಾತು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಪರಿಚಯದ ಮೂಲಕ ಕೆಲಸ ಸಿಕ್ಕಿದವರನ್ನು ಒಂದು ಪ್ರಶ್ನೆ ಕೇಳಿದ್ದರು. ಸುಳಿವು ಕೊಟ್ಟವರನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಅಂತ. ಪದೇ ಪದೇ ಅಂದವರು ಸುಮಾರು 17% ಮಾತ್ರ. ಉಳಿದವರಿಗೆಲ್ಲ ಸುಳಿವು ಸಿಕ್ಕಿದ್ದು ಆಗೊಮ್ಮೆ ಈಗೊಮ್ಮೆ ಅಥವಾ ತೀರಾ ಅಪರೂಪಕ್ಕೆ ನೋಡುವವರಿಂದ. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತೇ ಇರುತ್ತದೆ, ದೂರದವರಿಗೆ ಬೇರೆ ಸುದ್ದಿ ಗೊತ್ತಿರುತ್ತದೆ. ಹಾಗಾಗಿ ‘ಇನ್ನೂ ಓದ್ತಿದಾನೆ’ ಅನ್ನುವ ಸುಳ್ಳು ಅವನಿಗೇ ನಷ್ಟ. ‘ಓದು ಮುಗೀತು, ಇಂಥ ಕೆಲಸ ಹುಡುಕ್ತಾ ಇದ್ದಾನೆ’ ಅಂತ ಹೇಳಿ. ಫೋನ್ ನಂಬರ್ ಸಿಕ್ಕರೆ ಅವನಿಗೆ ಕೊಡಿ. ಆದರೆ ಫೋನ್ ಮಾಡಬೇಕಾದವನು ಅವನು. ಮಗನ ಪರವಾಗಿ ಅಮ್ಮ ಮಾಡಿದ ಫೋನಿಗೆ ಒಳ್ಳೆಯ ಬೆಲೆ ಬರುವುದಿಲ್ಲ.

ಅವನ ಓದಿಗೆ ಸಂಬಂಧವೇ ಇಲ್ಲದ ಸಣ್ಣ ಕೆಲಸ ಸಿಕ್ಕರೆ? ಹೋಗಲಿ ಅನ್ನುತ್ತೇನೆ, ವಾರದಲ್ಲಿ ಸ್ವಲ್ಪ ಹೊತ್ತು ಹುಡುಕುವುದಕ್ಕೂ ಉಳಿಯುವುದಾದರೆ. ಮರಿಯೆಂಟಾಲ್‌ನವರು ಕಳೆದುಕೊಂಡ ಐದರಲ್ಲಿ ಮೂರು ನಾಲ್ಕು ಅಂಥ ಕೆಲಸದಲ್ಲೂ ಸಿಗುತ್ತವೆ. ‘ಇನ್ನೊಂದು ಕೋರ್ಸ್ ಮಾಡ್ತೀನಿ’ ಅಂದರೆ ಮಾತ್ರ ನಿಧಾನಿಸಿ. ಆ ಕೋರ್ಸ್ ಬೇಕೇಬೇಕು ಅಂತ ಕೇಳುವ, ಈಗ ಖಾಲಿ ಇರುವ ಮೂರು ಕೆಲಸಗಳ ಜಾಹೀರಾತು ತೋರಿಸಲಿ. ತೋರಿಸಿದರೆ ಯೋಚಿಸಿ. ತೋರಿಸದಿದ್ದರೆ ಅದು ಮತ್ತೆ ವಿದ್ಯಾರ್ಥಿ ಅನ್ನಿಸಿಕೊಳ್ಳುವ ಆಸೆ ಇರಬಹುದು. ಅದಕ್ಕಾಗಿ ಸಾಲ ಮಾಡಬೇಡಿ. ನಿಮ್ಮ ಮುಪ್ಪಿಗೆ ಅಂತ ಇಟ್ಟ ದುಡ್ಡನ್ನೂ ಮುಟ್ಟಬೇಡಿ.

ನಿಮ್ಮ ತಮ್ಮನ ಸಲಹೆ ನನಗೆ ಒಪ್ಪಿಗೆ ಇಲ್ಲ. ಮಂಕಾಗಿರುವ ಹುಡುಗನನ್ನು ಹೊರಗೆ ಹಾಕುವುದು ಅಪಾಯ. ಅದೂ ಅಲ್ಲದೆ ನೀವು ಅದನ್ನು ಮಾಡುವವರಲ್ಲ. ಮಾಡದ ಬೆದರಿಕೆಯನ್ನು ಪದೇ ಪದೇ ಹಾಕಿದರೆ, ಮುಂದೆ ನೀವು ನಿಜವಾಗಿ ಹೇಳುವ ಮಾತಿಗೂ ಬೆಲೆ ಇರುವುದಿಲ್ಲ. ಅವನು ಮನೆಯವರ ಮೇಲೆ ಕೈ ಮಾಡುತ್ತಿದ್ದರೆ ಮಾತು ಬೇರೆ. ಆಗ ಮನೆಯವರ ಸುರಕ್ಷತೆ ಮೊದಲು, ಸಂಕೋಚವಿಲ್ಲದೆ ಹೊರಗಿನವರ ಸಹಾಯ ತೆಗೆದುಕೊಳ್ಳಬೇಕು. ನೀವು ಬರೆದಿದ್ದರಲ್ಲಿ ಅಂಥದ್ದೇನೂ ಇಲ್ಲ.

ಇನ್ನು ‘ಎಷ್ಟು ದಿನ’ ಅನ್ನುವ ಪ್ರಶ್ನೆ. ‘ಇಂಥ ತಾರೀಖಿನೊಳಗೆ ಕೆಲಸ ಸಿಗಬೇಕು’ ಅಂತ ಗಡುವು ಹಾಕಬೇಡಿ, ಅದು ಅವನ ಕೈಯಲ್ಲಿಲ್ಲ. ಒಪ್ಪಂದಕ್ಕೆ ಗಡುವು ಹಾಕಿ. ಮೂರು ತಿಂಗಳಾದ ಮೇಲೆ ಮೂವರೂ ಕೂತು, ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಅಂತ ನೋಡಿ ಬದಲಿಸಿಕೊಳ್ಳಿ. ಹುಡುಕುತ್ತಿದ್ದಾನೆ, ಮನೆಯ ಪಾಲಿನ ಕೆಲಸ ಮಾಡುತ್ತಿದ್ದಾನೆ, ಆದರೂ ಕೆಲಸ ಸಿಕ್ಕಿಲ್ಲ ಅಂದರೆ ಇನ್ನೂ ಮೂರು ತಿಂಗಳು ಧೈರ್ಯವಾಗಿ ನೋಡಿಕೊಳ್ಳಿ, ಆಮೇಲೆ ಇನ್ನೂ ಮೂರು. ಮೂರು ತಿಂಗಳಲ್ಲಿ ಏನೂ ಅಲುಗಾಡದಿದ್ದರೆ ನೀವಿಬ್ಬರೇ ಒಬ್ಬ ಆಪ್ತಸಮಾಲೋಚಕರ ಹತ್ತಿರ ಹೋಗಿ. ಅವನು ಬರಲಿ ಅಂತ ಕಾಯಬೇಡಿ.

ಕೆಲಸ ಸಿಕ್ಕಿದ ಮೊದಲ ತಿಂಗಳಲ್ಲೇ ಒಪ್ಪಂದವನ್ನು ಹೊಸದಾಗಿ ಮಾಡಿಕೊಳ್ಳಿ. ಕೈಖರ್ಚು ನಿಲ್ಲುತ್ತದೆ, ಮನೆಖರ್ಚಿಗೆ ಅವನ ಪಾಲು ಶುರುವಾಗುತ್ತದೆ. ಎಷ್ಟು ಅನ್ನುವುದನ್ನು ಮೊದಲು ಅವನೇ ಹೇಳಲಿ. ಅಡುಗೆಯ ಎರಡು ರಾತ್ರಿ ಮಾತ್ರ ಆಗಲೂ ಅವನದೇ.